ತಿರುವಿನಲ್ಲಿ ನಿಂತುಹೋದ ಕಾರು

ನಾನು ದೇವರನ್ನು ನಂಬುವವಳು. ಹಣೆಗೆ ವಿಭೂತಿ ಧರಿಸದೆ ಒಂದು ದಿನವೂ ಒಲೆ ಹಚ್ಚಿದವಳಲ್ಲ. ಅದೇ ಕಾರಣಕ್ಕೋ ಏನೋ, ಸತ್ತವರು ಬಂದು ಮಾತಾಡಿಸಿದರು, ಹೊತ್ತಲ್ಲದ ಹೊತ್ತಿನಲ್ಲಿ ಗೆಜ್ಜೆ ಸದ್ದು ಕೇಳಿತು ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಮೇಲೆ ಶಿವನಿದ್ದಾನೆ, ಎಲ್ಲವನ್ನೂ ನೋಡಿಕೊಳ್ಳುತ್ತಾನೆ, ನಡುವೆ ಇಂಥ ಚಿಲ್ಲರೆ ವ್ಯವಹಾರ ಯಾಕೆ ಅನ್ನುತ್ತಿದ್ದೆ. ಪಕ್ಕದ ಮನೆಯ ಗಿರಿಜಮ್ಮನವರು ಒಮ್ಮೆ, "ನಿಮ್ಗೆ ಆಗೋವರ್ಗೂ ಗೊತ್ತಾಗಲ್ಲ ಬುಡಿ" ಎಂದು ಮುಖ ಊದಿಸಿಕೊಂಡು ಎದ್ದುಹೋಗಿದ್ದರು. ಈಗ ಬರೆಯುತ್ತಿರುವುದನ್ನು ನಾನು ಅವರಿಗೂ ಹೇಳಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ನಾವು ರಾಮಕೃಷ್ಣನಗರದಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ನಮ್ಮ ಯಜಮಾನರು ಊಟಿಗೆ ಹೋಗುವ ಟೂರಿಸ್ಟ್ ಬಸ್ಸಿನ ಡ್ರೈವರ್. ಘಾಟಿಯ ತಿರುವುಗಳಲ್ಲಿ ಅರ್ಧ ಆಯಸ್ಸು ಕಳೆದವರಿಗೆ ಒಂದು ಬೆಳಗ್ಗೆ ಕಾಫಿ ಕುಡಿಯುತ್ತ ಕೂತಿದ್ದಾಗ ಎದೆನೋವು ಬಂತು. ಸ್ಟೇರಿಂಗ್ ಹಿಡಿದಿದ್ದಾಗ ಬರಲಿಲ್ಲವಲ್ಲ, ಅದೇ ದೊಡ್ಡ ಪುಣ್ಯ ಅಂದುಕೊಂಡೆ. ಬದುಕಿಕೊಂಡರು. ಆದರೆ ಡಾಕ್ಟರು ಇನ್ನು ಗಾಡಿ ಮುಟ್ಟಬಾರದು ಎಂದರು. ಕೋಪ, ಗಾಬರಿ ಕೂಡದು. ಎದೆ ಹಿಡಿದರೆ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಸದಾ ಶರಟಿನ ಜೇಬಿನಲ್ಲಿರಬೇಕು. ಇನ್ನೊಂದು ಸಲ ಬಂದರೆ ಕಷ್ಟ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು.

ಮನೆಯಲ್ಲಿ ಕೂತು ಅವರು ಬಾಡಿಹೋದರು. ಆಗ ಪಿಯುಸಿ ಓದುತ್ತಿದ್ದ ನಮ್ಮ ಮಗಳು ಶಿಲ್ಪಾ ತನ್ನ ಹಳೆಯ ಕಂಪ್ಯೂಟರಿನಲ್ಲಿ ಒಂದು ಕಾರಿನ ಗೇಮ್ ಹಾಕಿಕೊಟ್ಟಳು. ಬೆಟ್ಟದ ರಸ್ತೆ, ಒಂದು ಕಡೆ ಬಂಡೆ, ಒಂದು ಕಡೆ ಕಣಿವೆ. ನೋಡಿದ್ದೇ ಇವರ ಬೆನ್ನು ನೆಟ್ಟಗಾಯಿತು. ಹಿಂದಿನಿಂದ ಬಂದ ಕಾರಿಗೆಲ್ಲ ಸೈಡು ಬಿಡುತ್ತಿದ್ದರು. "ಅಪ್ಪ, ಇದು ರೇಸು ಕಣಪ್ಪ! ಟೂರಿಸ್ಟ್ ಬಸ್ಸಲ್ಲ" ಎಂದು ಶಿಲ್ಪಾ ತಲೆ ಚಚ್ಚಿಕೊಂಡರೆ, "ತಿರುವಲ್ಲಿ ಹಾರನ್ ಇಲ್ದಿರೋ ಗಾಡಿ ಅದ್ಯಾವನು ಮಾಡಿದ್ನೋ" ಎನ್ನುವರು. ಆ ನಗು ಮನೆಗೆ ವಾಪಸು ಬಂತಲ್ಲ, ಅಷ್ಟೇ ಸಾಕಾಗಿತ್ತು ನನಗೆ.

ತೊಂದರೆ ಒಂದೇ. ಆಡುತ್ತ ಆಡುತ್ತ ಚಿತ್ರ ತಟಕ್ಕನೆ ನಿಂತುಬಿಡುತ್ತಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಮತ್ತೆ ಹೊರಡುತ್ತಿತ್ತು. ನೇರ ರಸ್ತೆಯಾದರೆ ಸರಿ, ತಿರುವಿನಲ್ಲಿ ನಿಂತರೆ ಮತ್ತೆ ಹೊರಡುವಷ್ಟರಲ್ಲಿ ಕಾರು ಕಣಿವೆಯಲ್ಲಿರುತ್ತಿತ್ತು. ಬೇರೆಯವರಿಗೆ ಅದು ಆಟ. ತಿರುವಿನಲ್ಲಿ ಒಂದು ಗಳಿಗೆ ಮೈಮರೆತರೆ ಏನಾಗುತ್ತದೆ ಎಂಬ ಭಯದಲ್ಲೇ ಅಷ್ಟು ವರ್ಷ ಬಸ್ ಓಡಿಸಿದವರಿಗೆ ಹಾಗಲ್ಲ. ಒಂದೊಂದು ಸಲವೂ ಮುಖ ಬೆವರಿ ಎದೆ ಏರಿಳಿಯುವುದು ಕಾಣುತ್ತಿತ್ತು. ಆಡಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ರಿಪೇರಿ ಮಾಡಿಸೋಣ ಎಂದೆ.

ಕಂಪ್ಯೂಟರ್ ಅಂಗಡಿಯ ನಾಗೇಂದ್ರ ಬಂದು ಸಿಪಿಯು ಡಬ್ಬ ಬಿಚ್ಚಿದ. ಒಳಗಿನ ಫ್ಯಾನಿನ ತುಂಬ ಧೂಳು. ಅದರ ಜೊತೆ ಆಯುಧಪೂಜೆಯಲ್ಲಿ ನಾನು ಧಾರಾಳವಾಗಿ ಹಾಕಿದ್ದ ಕುಂಕುಮ, ವಿಭೂತಿ, ಒಣಗಿದ ಸೇವಂತಿಗೆ ಎಸಳು. "ಅಮ್ಮಾ, ಇದ್ಕೂ ಮೂಗೈತೆ ಕಣಮ್ಮ, ಸ್ವಲ್ಪ ಉಸಿರಾಡಕ್ಕೆ ಬುಡಿ" ಎಂದು ನಕ್ಕ. ಬಿಸಿಯಾದರೆ ಹೀಗೇ ಸ್ಟ್ರಕ್ ಆಗುತ್ತದಂತೆ. ಎಲ್ಲ ಊದಿ ಒರೆಸಿ, ಗೇಮಿನೊಳಗೆ ಮರದ ನೆರಳು, ಹೊಗೆ ಇತ್ಯಾದಿ ಅಲಂಕಾರ ಕಡಿಮೆ ಮಾಡಿ ಹೋದ. ಕಾರು ನೀರಿನ ಹಾಗೆ ಹರಿಯತೊಡಗಿತು.

ಮಾರನೆಯ ಸಂಜೆ ನಾನು ದೇವರ ದೀಪ ಹಚ್ಚಿದೆ. ನಮ್ಮ ದೇವರ ಗೂಡು ನಡುಮನೆಯಲ್ಲೇ, ಕಂಪ್ಯೂಟರಿನ ಎದುರು ಗೋಡೆಯಲ್ಲಿತ್ತು. ಬತ್ತಿ ಹೊತ್ತಿಕೊಂಡಿತು, ಹಿಂದುಗಡೆ ಗೇಮಿನ ಸದ್ದು ನಿಂತಿತು. ಮತ್ತೆ ಸ್ಟ್ರಕ್ ಆಯಿತಲ್ಲ ಎಂದು ತಿರುಗಿದೆ. ಕಾರು ತಿರುವಿನಲ್ಲಿ ನಿಂತಿತ್ತು. ಇವರ ಕೈ ಕಾಫಿ ಲೋಟದ ಹತ್ತಿರ ಹೋಗುತ್ತ ಗಾಳಿಯಲ್ಲೇ ನಿಂತಿತ್ತು. ಮೇಲೆ ಸೀಲಿಂಗ್ ಫ್ಯಾನಿನ ಮೂರು ರೆಕ್ಕೆಗಳೂ ಎಣಿಸುವ ಹಾಗೆ ನಿಂತಿದ್ದವು. ದೀಪದ ಕುಡಿ ಬಣ್ಣದಲ್ಲಿ ಬರೆದಂತಿತ್ತು. ನನ್ನ ಉಸಿರೊಂದು ಬಿಟ್ಟರೆ ಜಗತ್ತಿನಲ್ಲಿ ಬೇರೆ ಸದ್ದಿಲ್ಲ. ಆಮೇಲೆ ಎಲ್ಲವೂ ಏನೂ ಆಗದ ಹಾಗೆ ಹೊರಟಿತು.

ಸೋಮವಾರದ ಉಪವಾಸಕ್ಕೆ ತಲೆ ಸುತ್ತಿರಬೇಕು ಅಂದುಕೊಂಡೆ. ಮರುಸಂಜೆ ಹೊಟ್ಟೆ ತುಂಬ ಉಪ್ಪಿಟ್ಟು ತಿಂದು ದೀಪ ಹಚ್ಚಿದೆ. ಮತ್ತೆ ಅದೇ, ಮೊದಲಿಗಿಂತ ಹೆಚ್ಚು ಹೊತ್ತು. ಮೂರನೆಯ ದಿನ ಧೈರ್ಯ ಮಾಡಿ, ಎಲ್ಲ ನಿಂತಿದ್ದಾಗ ವಿಭೂತಿ ತೆಗೆದುಕೊಂಡು ಹೋಗಿ ಇವರ ಹಣೆಗೆ ಮೂರು ಬೆರಳಲ್ಲಿ ಎಳೆದು ಬಂದೆ. ಜಗತ್ತು ಹೊರಟ ಮೇಲೆ ಇವರು ಹಣೆ ಮುಟ್ಟಿ ನೋಡಿಕೊಂಡರು. "ಏ ಇವಳೇ, ಇದ್ಯಾವಾಗ ಬಳಿದೆ? ಅಲ್ಲೇ ನಿಂತಿದ್ದೆಯಲ್ಲೇ?" ಎಂದರು. ನಾನು ವಿಭೂತಿಯ ಬೆರಳನ್ನು ಸೆರಗಿಗೆ ಒರೆಸಿಕೊಂಡೆ.

ಗೇಮ್ ಇನ್ನೂ ನಿಲ್ಲುತ್ತಿದೆ, ನಾಗೇಂದ್ರನನ್ನು ಕರೆಯಿರಿ ಎಂದೆ. "ಎಲ್ಲಿ ನಿಲ್ತಿದೆ ಅಮ್ಮ? ಬೆಣ್ಣೆ ಥರ ಹೋಗ್ತಿದೆ" ಎಂದಳು ಶಿಲ್ಪಾ. ನಾನು ಹಟ ಹಿಡಿದೆ. ಅವನು ಬಂದು ರ‍್ಯಾಮ್ ಇನ್ನೊಂದು ಹಾಕಿದ. ಗೇಮ್ ನಿಧಾನವಾದರೆ ಇದು ಇಳಿಯುತ್ತದೆ ಎಂದು ತೆರೆಯ ಮೂಲೆಯಲ್ಲಿ ಒಂದು ಅಂಕಿ ಕಾಣುವ ಹಾಗೆ ಮಾಡಿದ. ಸಂಜೆ ಅವನ ಎದುರಿಗೇ ದೀಪ ಹಚ್ಚಿದೆ. ನಾಗೇಂದ್ರ ಬಿಸ್ಕತ್ತು ಬಾಯಿಗಿಟ್ಟುಕೊಂಡ ಹಾಗೇ ನಿಂತ. ನಾನು ಹತ್ತಿರ ಹೋಗಿ ತೆರೆ ನೋಡಿದೆ. ಅಂಕಿ ಅರವತ್ತರಲ್ಲೇ ಇತ್ತು. ಯಂತ್ರದ ಪ್ರಕಾರ ಏನೂ ನಿಂತೇ ಇರಲಿಲ್ಲ.

"ನೋಡಿ, ಒಂದ್ಸಲಾನೂ ಇಳೀಲಿಲ್ಲ. ಸಣ್ಣಪುಟ್ಟ ಸ್ಟ್ರಕ್ಕೆಲ್ಲ ತೆಗೆದುಬುಟ್ಟಿದ್ದೀನಿ" ಎಂದು ಅವನು ಹೊರಟ. ತೆಗೆದು ಎಲ್ಲಿಗೆ ಹಾಕಿದ? ಮನೆಯೆಲ್ಲ ಗುಡಿಸಿದ ಕಸ ಒಂದು ಮೂಲೆಯಲ್ಲಿ ರಾಶಿಯಾಗುವ ಹಾಗೆ, ನಿಂತ ಗಳಿಗೆಗಳ ಆ ಚೂರುಗಳೆಲ್ಲ ನನ್ನ ದೀಪದ ಹೊತ್ತಿಗೆ ಬಂದು ಸೇರುತ್ತಿವೆಯೇ ಎನ್ನಿಸಿತು. ಅಂದಿನಿಂದ ಸಂಜೆಯಾದರೆ ಕಡ್ಡಿಪೆಟ್ಟಿಗೆ ಎತ್ತಿ ಮತ್ತೆ ಗೂಡಿನಲ್ಲೇ ಇಟ್ಟುಬಿಡುತ್ತಿದ್ದೆ. ದೀಪ ಹಚ್ಚದೆ ಇರಲಾರೆ. ಹಚ್ಚಿದರೆ ದಿನದಿಂದ ದಿನಕ್ಕೆ ಆ ಮೌನ ಉದ್ದವಾಗುತ್ತಿತ್ತು.

ಒಂದು ಶನಿವಾರ ಸೆಕೆಯೆಂದು ಇವರು ಬನಿಯನ್ನಿನಲ್ಲೇ ಆಡುತ್ತಿದ್ದರು. ನಾನು ದೀಪಕ್ಕೆ ಎಣ್ಣೆ ತುಂಬಿ ಕಡ್ಡಿ ತೆಗೆಯುತ್ತಿದ್ದೆ. "ಅಮ್ಮಾ!" ಎಂದಳು ಶಿಲ್ಪಾ. ತಿರುಗಿದರೆ ಇವರ ಮುಖ ಬೂದಿಯಾಗಿತ್ತು. ಬಲಗೈ ಎದೆಯ ಮೇಲೆ ಜೇಬು ಹುಡುಕುತ್ತಿತ್ತು. ಜೇಬಿರಲಿಲ್ಲ. ಕುರ್ಚಿಯ ಮೇಲೆ ಕಳಚಿಟ್ಟಿದ್ದ ಶರಟು ಮಧ್ಯಾಹ್ನ ಒಗೆದ ಬಟ್ಟೆಯ ಗಂಟಿನ ಜೊತೆ ಬೀದಿ ತುದಿಯ ಇಸ್ತ್ರಿ ಗಾಡಿಗೆ ಹೋಗಿತ್ತು. ಮಾತ್ರೆಯೂ ಅದರ ಜೊತೆಗೇ ಹೋಗಿತ್ತು. ಮನೆಯಲ್ಲಿ ಬೇರೆ ಇರಲಿಲ್ಲ. ಇವರು ಕೀಬೋರ್ಡಿನ ಮೇಲೆ ಬಾಗಿದರು. ಯಾವ ಹೆಂಗಸಾದರೂ ಆಗ ಗಂಡನ ಹತ್ತಿರ ಓಡುತ್ತಾಳೆ. ನಾನು ಕಡ್ಡಿ ಗೀರಿ ದೀಪ ಹಚ್ಚಿದೆ. ಶಿವನನ್ನು ಕರೆಯಲು ಹಚ್ಚಿದೆನೋ, ಎಲ್ಲವೂ ಮತ್ತೆ ಹಾಗೇ ನಿಂತುಬಿಡಲಿ ಎಂದೇ ಹಚ್ಚಿದೆನೋ, ಈಗಲೂ ಹೇಳಲಾರೆ.

"ಅ" ಎಂದು ಬಾಯ್ತೆರೆದ ಮಗಳ ಕೂಗು ಅಲ್ಲೇ ನಿಂತಿತು.

ಬರಿಗಾಲಲ್ಲಿ ಹೊರಗೆ ಓಡಿದೆ. ಬೀದಿಯೂ ನಿಂತಿತ್ತು. ಸೈಕಲ್ ಮೇಲಿನ ಹುಡುಗಿ ಬೀಳದೆ ವಾಲಿಕೊಂಡಿದ್ದಳು. ಮನೆಗೆ ಮರಳುವ ಗಿಳಿಗಳು ತೆಂಗಿನ ಮರದ ಮೇಲೆ ಆಕಾಶಕ್ಕೆ ಅಂಟಿದ್ದವು. ಇಸ್ತ್ರಿ ಮಾದಪ್ಪ ಪೆಟ್ಟಿಗೆ ಎತ್ತಿ ಹಿಡಿದಿದ್ದ, ಅದರ ಕೆಂಡದಿಂದ ಸಿಡಿದ ಒಂದು ಕಿಡಿ ಅವನ ಮೊಣಕೈ ಪಕ್ಕ ನೇತಾಡುತ್ತಿತ್ತು. ಬಟ್ಟೆಯ ರಾಶಿ ಕೆದಕಿ ಶರಟು ಎಳೆದು ಮಾತ್ರೆ ತೆಗೆದುಕೊಂಡು ವಾಪಸು ಬಂದೆ. ಇವರ ತುಟಿ ಬಿಡಿಸಿ ನಾಲಿಗೆಯ ಕೆಳಗೆ ಇಟ್ಟೆ.

ಏನೂ ಆಗಲಿಲ್ಲ. ಜಗತ್ತು ಹೊರಡಲಿಲ್ಲ.

ಪಕ್ಕದಲ್ಲಿ ಕೂತು ಪಂಚಾಕ್ಷರಿ ಹೇಳಿದೆ. ಎಷ್ಟು ಹೊತ್ತೋ ಹೇಳಿದೆ. ನಾಲಿಗೆ ಒಣಗಿತು, ಕಾಲು ಜೋಮು ಹಿಡಿಯಿತು. ತೆರೆಯ ಮೇಲೆ ಕಾರು ಕಣಿವೆಯ ಅಂಚಿನಲ್ಲಿ ಎರಡು ಚಕ್ರದ ಮೇಲೆ ನಿಂತಿತ್ತು. ಆಗ ದೀಪದ ಕಡೆ ಕಣ್ಣು ಹೋಯಿತು. ಕುಡಿ ಅಲುಗುತ್ತಿರಲಿಲ್ಲ, ಆದರೆ ತುಂಬಿದ್ದ ಎಣ್ಣೆ ಅರ್ಧಕ್ಕಿಳಿದಿತ್ತು. ನೋಡುತ್ತಿದ್ದ ಹಾಗೇ ಇಳಿಯುತ್ತಿತ್ತು.

ಎಣ್ಣೆ ಬಾಟಲಿ ಕೈಗೆ ತೆಗೆದುಕೊಂಡೆ. ಎಣ್ಣೆ ಇರುವ ತನಕ ಇದು ಹೀಗೇ ಇರುತ್ತದೆ, ಇವರಿಗೆ ಏನೂ ಆಗುವುದಿಲ್ಲ ಎಂದು ಯಾರೋ ಕಿವಿಯಲ್ಲಿ ಹೇಳಿದಷ್ಟು ಸ್ಪಷ್ಟವಾಗಿ ಅನ್ನಿಸಿತು. ದೀಪದ ಎಣ್ಣೆ ಮುಗಿಯಲು ಬಿಡುವುದು ನಮ್ಮಲ್ಲಿ ಅಪಶಕುನ, ನನ್ನ ಅತ್ತೆ ಎಂದೂ ಬಿಟ್ಟವರಲ್ಲ. ಬಾಟಲಿ ಬಗ್ಗಿಸಿದೆ. ಆಗ ಮಗಳ ಮುಖ ಕಂಡಿತು. ತೆರೆದ ಬಾಯಿ, ರೆಪ್ಪೆಯಲ್ಲಿ ಬೀಳದೆ ನಿಂತ ಒಂದು ಹನಿ. ಇವಳನ್ನೂ ಹೀಗೇ ನಿಲ್ಲಿಸಿಡಲೇ? ಬಾಟಲಿ ಕೆಳಗಿಟ್ಟೆ. ಶಿವಾ, ನೀನುಂಟು ಇವರುಂಟು ಎಂದು ಕಣ್ಣು ಮುಚ್ಚಿದೆ.

ಬತ್ತಿ ಚುರ್ ಎಂದಿತು. "ಪ್ಪಾ!" ಎಂಬ ಕೂಗು ಮನೆ ತುಂಬಿತು.

ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಕೂಡಲೇ ಮಾತ್ರೆ ಕೊಟ್ಟಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಕಾರಿಡಾರಿನಲ್ಲಿ ಶಿಲ್ಪಾ, "ಅಮ್ಮ, ನೀನು ದೇವರ ಹತ್ರ ಇದ್ದೆ, ಆಮೇಲೆ ನೋಡಿದ್ರೆ ಅಪ್ಪನ ಪಕ್ಕ ಕೂತಿದ್ದೆ. ಮಾತ್ರೆ ಎಲ್ಲಿತ್ತು?" ಎಂದು ಕೇಳಿದಳು. ಸಿಕ್ಕಿತು ಎಂದೆ. ಮಾರನೆಯ ದಿನ ಮಾದಪ್ಪ ಬಟ್ಟೆ ತಂದವನು, "ಅಕ್ಕಾ, ಮಡಿಸಿದ್ ಬಟ್ಟೆನೆಲ್ಲಾ ಕಣ್ಮುಂದೇನೇ ಯಾವುದೋ ಗಾಳಿ ಕೆದಕಿದಂಗಾಯ್ತು ಕಣಕ್ಕ" ಎಂದು ಪೇಚಾಡಿದ. ನಾನು ತಲೆಯಾಡಿಸಿ ಬಟ್ಟೆ ತೆಗೆದುಕೊಂಡೆ.

ಆಮೇಲೆ ಆ ಗೇಮೂ ನಿಲ್ಲಲಿಲ್ಲ, ದೀಪ ಹಚ್ಚಿದಾಗ ಜಗತ್ತೂ ನಿಲ್ಲಲಿಲ್ಲ. ಕಂಪ್ಯೂಟರ್ ಈಗ ಇಲ್ಲ. ಯಜಮಾನರು ಇದ್ದಾರೆ. ಯಾರದಾದರೂ ಕಾರಿನಲ್ಲಿ ಕೂತರೆ ತಿರುವು ಬಂದಾಗ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಾರೆ. ಅಂದು ಎಲ್ಲ ನಿಂತಿದ್ದು ನನ್ನ ತಲೆಯ ಭ್ರಮೆ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಲು ನಾನು ಸಿದ್ಧ. ಆದರೆ ಅಂದು ಆಸ್ಪತ್ರೆಯಿಂದ ಬಂದು ನೋಡಿದಾಗ ದೀಪ ಒಣಗಿ ಕಪ್ಪಾಗಿತ್ತು. ತುಂಬಿದ್ದ ಎಣ್ಣೆ ಕಡ್ಡಿ ಗೀರಿದ ಹೊತ್ತಿಗೂ ಮಗಳು ಕೂಗಿದ ಹೊತ್ತಿಗೂ ನಡುವೆ ಎಲ್ಲಿ ಉರಿಯಿತು, ಅಷ್ಟು ಹೊತ್ತು ಯಾರ ಆಯಸ್ಸಿನಿಂದ ಹೋಯಿತು, ನನಗೆ ಗೊತ್ತಿಲ್ಲ.

ಈಗಲೂ ದಿನಾ ದೀಪ ಹಚ್ಚುತ್ತೇನೆ. ಮೊದಲಿನ ಹಾಗೆ ಕಣ್ಣು ಮುಚ್ಚಿ ಕೈ ಮುಗಿಯುವುದಿಲ್ಲ. ಕಣ್ಣು ಬಿಟ್ಟುಕೊಂಡು ಕುಡಿಯನ್ನೇ ನೋಡುತ್ತ ನಿಲ್ಲುತ್ತೇನೆ. ಅದು ಒಮ್ಮೆ ಅಲುಗಿದ ಮೇಲೆ ಉಸಿರು ಬಿಡುತ್ತೇನೆ.