ಬಾನಮ್ಮನ ಹುಲ್ಲು ಬಾಚುವ ಮಿಷನ್

ಕೊಡಿಗೇಹಳ್ಳಿಯಲ್ಲಿ ಹಸು ಕಟ್ಟಿದವರೆಲ್ಲ ಬಾನಮ್ಮನ ಹತ್ತಿರವೇ ಒಣಹುಲ್ಲು ಕೊಳ್ಳುತ್ತಿದ್ದ ಕಾಲ ಅದು. ಪೂರ್ತಿ ಹೆಸರು ಶಹರ್ಬಾನು. ಯಶವಂತಪುರದ ಜಟಕಾ ಸಾಬರ ಮಗಳು, ಕುದುರೆಗೆ ಹುಲ್ಲು ಹಾಕುತ್ತಲೇ ಬೆಳೆದವರು. ಹೊರೆಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಬಿಸಿ ತಗುಲಿದರೆ “ಒಳಗೇ ಬೇಯ್ತಾ ಇದೆ, ಒಯ್ಯಿರಿ” ಎಂದು ಗಾಡಿಯನ್ನೇ ಹಿಂದಕ್ಕೆ ಕಳಿಸುತ್ತಿದ್ದರು. ಮಾತು ಬಲು ಒರಟು. ಹಾಲಿನ ಸೊಸೈಟಿಯಲ್ಲಿ ಹಾಲು ಅಳೆಯುತ್ತಿದ್ದ ನಾನು ಅವರಿಂದ ಬೈಸಿಕೊಳ್ಳದ ವಾರವಿರಲಿಲ್ಲ. ಆದರೂ ಗಂಡ ತೀರಿಕೊಂಡ ಮೇಲೆ ಆ ವ್ಯಾಪಾರವನ್ನು ಅವರಂತೆ ನಡೆಸುವುದಕ್ಕೆ ಗಂಡಸರಿಗೂ ಎದೆ ಸಾಲದು, ಇದು ನನ್ನ ಮಾತು.

ಎಂಬತ್ತೆರಡರಲ್ಲಿ ಮಳೆ ಹಿಂತೆಗೆಯುವ ಹೊತ್ತಿಗೆ ಜಕ್ಕೂರು ಕೆರೆಯ ಪಕ್ಕದ ದೊಡ್ಡ ಹುಲ್ಲುಗಾವಲನ್ನು ಬಾನಮ್ಮ ಗುತ್ತಿಗೆ ಹಿಡಿದರು. ಕುಯ್ದ ಹುಲ್ಲನ್ನು ಆಳುಗಳಿಂದ ಬಾಚಿಸುವಷ್ಟರಲ್ಲಿ ಒಂದು ಮಳೆ ಬಿದ್ದರೂ ಎಲ್ಲ ಕಪ್ಪಾಗಿ ಕೊಳೆಯುತ್ತದೆ. ತಮ್ಮ ಮುಜಫ್ಫರನ ಹತ್ತಿರ ಟ್ರ್ಯಾಕ್ಟರ್ ಇತ್ತು. ಅದರ ಹಿಂದೆ ಕಟ್ಟಿ ಹುಲ್ಲು ಬಾಚುವ ಮಿಷನ್ ಕೊಳ್ಳಲು ಅಕ್ಕ ತಮ್ಮ ಇಬ್ಬರೂ ಯಶವಂತಪುರದ ಅಂಗಡಿಗೆ ಹೋದರು. ಕನ್ನಡದ ಬಿಲ್ಲು ಓದುವುದಕ್ಕೆಂದು ನನ್ನನ್ನೂ ಎಳೆದುಕೊಂಡು ಹೋದರು.

ಅಲ್ಲಿ ಎರಡು ಬಗೆಯವು ಇದ್ದವು. ಒಂದಕ್ಕೆ ಕಡ್ಡಿ ಕಡ್ಡಿಯ ದೊಡ್ಡ ಚಕ್ರಗಳು. ಟ್ರ್ಯಾಕ್ಟರ್ ಎಳೆದಂತೆ ಅವು ನೆಲಕ್ಕೆ ಉಜ್ಜಿಕೊಂಡು ತಿರುಗುತ್ತವೆ. ಇನ್ನೊಂದನ್ನು ಟ್ರ್ಯಾಕ್ಟರಿನ ಷಾಫ್ಟೇ ತಿರುಗಿಸುತ್ತದೆ. ಅದರ ತೋಳುಗಳ ತುದಿಯಲ್ಲಿ ಜೋತಿರುವ ಉಕ್ಕಿನ ಕಡ್ಡಿಗಳು ಹುಲ್ಲನ್ನು ಎತ್ತಿ ಪಕ್ಕಕ್ಕೆ ಸಾಲು ಹಾಕುತ್ತವೆ. ಅಂಗಡಿಯವನು ಮೊದಲನೆಯದನ್ನೇ ಹೊಗಳಿದ. ರಿಪೇರಿ ಕಡಿಮೆಯಂತೆ. ಬಾನಮ್ಮ ಅಂಗಳದಲ್ಲಿ ಒಂದು ಹೊರೆ ಹುಲ್ಲು ಹರಡಿಸಿ ಎರಡನ್ನೂ ಎಳೆಸಿದರು. ಚಕ್ರದ ಮಿಷನ್ ಹುಲ್ಲಿನ ಜೊತೆಗೆ ಜಲ್ಲಿಯನ್ನೂ ಗುಡ್ಡೆ ಹಾಕಿತು.

“ಮಣ್ಣು ತಿನ್ನೋಕೆ ಹಸು ಏನ್ ಎರೆಹುಳಾನಾ? ಆ ಷಾಫ್ಟಿಂದೇ ಕೊಡಿ,” ಎಂದರು.

“ಕಡ್ಡಿ ತುದಿ ನೆಲದಿಂದ ಎರಡು ಬೆರಳು ಮೇಲಿರ್ಲಿ ಅಮ್ಮ. ಗಾಡಿ ನಿಧಾನಕ್ಕೆ ಓಡಿಸ್ಬೇಕು,” ಎಂದ ಅಂಗಡಿಯವನು.

ಮೊದಲ ವಾರ ಕೆಲಸ ಹೂವೆತ್ತಿದ ಹಾಗೆ ನಡೆಯಿತು. ಎಲೆ ಉದುರದಿರಲೆಂದು ಮುಂಜಾನೆ ಇಬ್ಬನಿ ಪೂರ್ತಿ ಆರುವ ಮುಂಚೆಯೇ ಬಾಚುವುದು, ಬಿಸಿಲೇರಿದ ಮೇಲೆ ಗಾಡಿಗೆ ಹೇರುವುದು. ಬಾಚಿದ ಮೇಲೆ ನೆಲದಲ್ಲಿ ಉಳಿದದ್ದು ಊರಿನ ಬಡವರ ಪಾಲು ಎಂಬುದು ನಮ್ಮ ಕಡೆಯ ಹಳೆಯ ಪದ್ಧತಿ. ಮಿಷನ್ ಎರಡು ಬೆರಳು ಮೇಲೆ ಓಡುತ್ತಿದ್ದರಿಂದ ಆ ಪಾಲು ಚೆನ್ನಾಗಿಯೇ ಉಳಿಯುತ್ತಿತ್ತು. ಮುನಿಕೆಂಪಮ್ಮ ಎಂಬ ಮುದುಕಿ ತಲೆ ಕಾಣದಷ್ಟು ದೊಡ್ಡ ಹೊರೆ ಹೊತ್ತು ಹೊರಟದ್ದನ್ನು ಕಂಡು ಬಾನಮ್ಮನ ಹೊಟ್ಟೆ ಉರಿಯಿತು.

“ಮುಜಫ್ಫರ್, ಮಿಷನ್ ಇನ್ನೂ ಇಳಿಸು.”

“ಈ ಕಡೆ ಕಲ್ಲಿದೆ ಆಪಾ.”

“ಇಳಿಸು ಅಂದೆ ತಾನೆ?”

“ನಮ್ಗೂ ಒಸಿ ಬಿಡಮ್ಮ, ಇಂಗ್ ಕೆರೆದ್ರೆ ಏನ್ ಉಳೀತದೆ?” ಎಂದಳು ಮುನಿಕೆಂಪಮ್ಮ. ಬಾನಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಿಷನ್ ನೆಲ ಕೆರೆಯುತ್ತ ಓಡಿತು. ಸಂಜೆ ಮುಜಫ್ಫರ್ ಮಿಷನ್ನಿಗೆ ಸುತ್ತಿಕೊಂಡ ಹುಲ್ಲು ಬಿಡಿಸುವಾಗ ಒಂದು ಕಡ್ಡಿಯ ತುದಿ ಮುರಿದಿರುವುದು ಕಂಡಿತು. ಬೆರಳುದ್ದದ ಉಕ್ಕಿನ ಚೂರು, ಮುರಿದ ಕಡೆ ದಬ್ಬಳದಷ್ಟು ಚೂಪಾಗಿರುತ್ತದೆ. ಕಲ್ಲಿದ್ದ ಆ ಸಾಲಿನ ನೆಲವನ್ನೆಲ್ಲ ಅಕ್ಕ ತಮ್ಮ ಮಂಡಿಯೂರಿ ಹುಡುಕಿದರು. ಇಲ್ಲ. ಆ ಸಾಲಿನ ಹುಲ್ಲು ಮಧ್ಯಾಹ್ನವೇ ಗಾಡಿಯೇರಿ ನಮ್ಮೂರಿನ ರತ್ನಕ್ಕನ ಮನೆ ಸೇರಿತ್ತು. ಹಸು ಹುಲ್ಲನ್ನು ಮೊದಲು ಹಾಗೇ ನುಂಗುತ್ತದೆ, ಆಮೇಲೆ ಮೆಲುಕು ಹಾಕುತ್ತದೆ. ಕಬ್ಬಿಣ ಒಳಗೆ ಹೋದರೆ ಹೊಟ್ಟೆಯನ್ನು ಚುಚ್ಚಿಕೊಂಡು ಎದೆಗೇ ನಾಟುವುದುಂಟು. ರತ್ನಕ್ಕನ ಹಸು ತುಂಬು ಗಬ್ಬ ಬೇರೆ.

ಸೊಸೈಟಿಯ ಮುಂದೆ ಹಾಲಿನ ಕ್ಯಾನು ಹಿಡಿದು ಊರೇ ನಿಂತಿದ್ದಾಗ ಬಾನಮ್ಮ ಬಂದರು. ಬುರ್ಖಾದ ಅಂಚಿಗೆಲ್ಲ ಮಣ್ಣು. ಹಿಂದೆಯೇ ಓಡಿ ಬಂದ ಮುಜಫ್ಫರ್ “ಚುಪ್ ರಹೋ ಆಪಾ, ಇನ್ಯಾರು ನಮ್ ಹುಲ್ಲು ತಗೋತಾರೆ?” ಎಂದು ಅವರ ತೋಳು ಹಿಡಿದ. ಕೊಡವಿಕೊಂಡರು.

“ರತ್ನಕ್ಕ, ಇವತ್ತಿನ ಹುಲ್ಲು ಹಸೂಗೆ ಹಾಕಿದ್ರಾ? ಅದ್ರಲ್ಲಿ ಕಬ್ಣದ ಚೂರಿದೆ. ತಪ್ಪು ನಂದೇ. ತಮ್ಮ ಬೇಡ ಅಂದ, ನಾನೇ ಮಿಷನ್ ಇಳಿಸ್ದೆ.”

ರತ್ನಕ್ಕ ಫ್ಯಾಕ್ಟರಿ ಸಂಗಪ್ಪನ ಹೆಂಡತಿ, ಬಿಜಾಪುರದ ಕಡೆಯವಳು. ಊರಿಗೆ ಬಂದ ಮೇಲೆ ಕರುವಿನಿಂದ ಸಾಕಿದ ಹಸು ಅದು. ಅವಳ ಕೈಯಿಂದ ಕ್ಯಾನು ಜಾರಿತು.

“ಮಧ್ಯಾಹ್ನನ ಹಾಕೀನಿ! ನನ್ನ ಹಸು ಕೊಂದ್ರಲ್ರೀ!” ಎನ್ನುತ್ತ ಮನೆಯ ಕಡೆ ಓಡಿದಳು.

ಕೆಟ್ಟುಹೋದ ಸ್ಪೀಕರಿನ ಆಯಸ್ಕಾಂತವೊಂದು ನನ್ನ ಬಳಿ ಇತ್ತು. ಅದನ್ನು ಹಿಡಿದು ನಾನೂ ಹಿಂದೆ ಓಡಿದೆ. ಬಾನಮ್ಮ ಕೊಟ್ಟಿಗೆಯೊಳಗೆ ಕುಳಿತು ಗುಡ್ಡೆಯಿಂದ ಹಿಡಿ ಹಿಡಿಯಾಗಿ ಹುಲ್ಲು ತೆಗೆದು, ಬರಿಗೈಯಲ್ಲಿ ಹಿಂಡಿ ನೋಡಿ, ನನ್ನ ಕಡೆ ತಳ್ಳುತ್ತಿದ್ದರು. ನಾನು ಅದರ ಮೇಲೆ ಆಯಸ್ಕಾಂತ ಆಡಿಸುತ್ತಿದ್ದೆ. ಬಾಗಿಲಲ್ಲಿ ಜನ. ಈ ಕಡೆ ಗುಡ್ಡೆ ಕರಗುತ್ತಿತ್ತು, ಆ ಕಡೆ ಚೂರು ಹಸುವಿನ ಹೊಟ್ಟೆಯಲ್ಲೇ ಇದೆ ಎಂಬುದು ಗಟ್ಟಿಯಾಗುತ್ತಿತ್ತು. ಹಸು ಮೆಲುಕು ಹಾಕದೆ ನಮ್ಮನ್ನೇ ನೋಡುತ್ತ ನಿಂತಿತ್ತು.

“ಮೆಲುಕು ನಿಲ್ಲಿಸ್ಯಾಳ ನೋಡ್ರಿ, ಮೆಲುಕು ನಿಲ್ಲಿಸ್ಯಾಳ,” ಎಂದು ರತ್ನಕ್ಕ ಅದರ ಕೊರಳು ತಬ್ಬಿದಳು.

ಗುಡ್ಡೆ ಮುಗಿಯಿತು. ಕೊನೆಯ ಹಿಡಿಯಲ್ಲೂ ಇಲ್ಲ. ಹೆಬ್ಬಾಳದಿಂದ ಡಾಕ್ಟರನ್ನು ಕರೆತರುತ್ತೇನೆಂದು ಮುಜಫ್ಫರ್ ಟ್ರ್ಯಾಕ್ಟರಿನತ್ತ ಓಡಿದ. ಬಾನಮ್ಮ ಎದ್ದು ನೇರವಾಗಿ ಹಸುವಿನ ಬಳಿಗೇ ಹೋದರು. ರತ್ನಕ್ಕ “ಮುಟ್ಟಬ್ಯಾಡ್ರಿ!” ಎಂದು ಕಿರುಚಿದಳು. ಹಸು ಕೊಂಬು ಬೀಸಿತು, ಬಾನಮ್ಮನ ಭುಜಕ್ಕೆ ತಾಗಿತು. ಅವರು ಲೆಕ್ಕಿಸದೆ ಅದರ ಮೂತಿಯ ಕೆಳಗೆ ಗೋದಲಿಯೊಳಗೆ ಎರಡೂ ಕೈ ಹಾಕಿದರು. ಹಸು ತಿಂದು ಬಿಟ್ಟ ಒರಟು ಹುಲ್ಲುಕಡ್ಡಿ, ಜೊಲ್ಲು, ಮಣ್ಣು, ಎಲ್ಲವನ್ನೂ ಮೂಲೆಯಿಂದ ಗೋರಿದರು.

ಕೈ ಅಲ್ಲೇ ನಿಂತಿತು. ಹೊರಗೆ ತೆಗೆದಾಗ ಅಂಗೈಯಲ್ಲಿ ಉಕ್ಕಿನ ಚೂರು. ಜೊಲ್ಲಿನಿಂದ ಒದ್ದೆಯಾಗಿತ್ತು. ಬಾಯಿಗೆ ತೆಗೆದುಕೊಂಡು ನುಂಗದೆ ಹೊರಹಾಕಿತ್ತೋ, ಮೂಸಿ ಬಿಟ್ಟಿತ್ತೋ, ದೇವರಿಗೇ ಗೊತ್ತು.

ಇಡೀ ಊರಿನ ಬಾಯಿ ಮುಚ್ಚಿಸುತ್ತಿದ್ದ ಹೆಂಗಸು ಆ ಸಗಣಿ ನೆಲದಲ್ಲೇ ಕುಸಿದು ಕುಳಿತು, ಮಕ್ಕಳ ಹಾಗೆ ಗಟ್ಟಿಯಾಗಿ ಅಳತೊಡಗಿದರು. ನಮಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ. ರತ್ನಕ್ಕ ಹಸುವಿನ ಕೊರಳು ಬಿಟ್ಟು ಬಂದಳು. ಹೊಡೆದೇಬಿಡುತ್ತಾಳೆ ಎಂದುಕೊಂಡೆ. ಅವಳು ಬಾನಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, ಬೆನ್ನ ಮೇಲೆ ಕೈಯಿಟ್ಟಳು.

“ಮೆಲ್ಲಕ ಅಳ್ರೀ ಅಕ್ಕಾರ,” ಎಂದಳು. “ಆಕಿ ಹೆದರ್ತಾಳ.”

ಬಾನಮ್ಮ ಬುರ್ಖಾದ ತುದಿಯನ್ನು ಬಾಯಿಗೆ ಒತ್ತಿಕೊಂಡರು.