ತಲೆಯ ಪಾಲು

ನನ್ನ ತಮ್ಮನಿಗೆ ಫಿನ್ಲೆಂಡಿನಲ್ಲಿ ಒಬ್ಬ ಸ್ನೇಹಿತನಿದ್ದ. ಅಬುಧಾಬಿಯಲ್ಲಿ ಯಾರೂ ಇರಲಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಕಳೆದ ಮೇಲಿನ ಮಾತು ಇದು.

ತಮ್ಮ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಳೆಯ ಕಟ್ಟಡವೊಂದರಲ್ಲಿ ಬೇರೆ ಬ್ಯಾಚುಲರ್‌ಗಳ ಜೊತೆ ಕೋಣೆ ಹಂಚಿಕೊಂಡು ಇದ್ದ. ಬಿ.ಕಾಂ. ಮಾಡಿದವನು. ಅಕೌಂಟ್ಸ್ ಕೆಲಸ ಎಂದು ಊರಿನಿಂದ ಕರೆಸಿಕೊಂಡ ಆಫೀಸು ಅವನನ್ನು ಹೆಚ್ಚಾಗಿ ಫೋಟೊಕಾಪಿ ಮೆಷಿನ್ನಿನ ಹತ್ತಿರವೇ ನಿಲ್ಲಿಸಿತ್ತು. ನಾನು ದುಬೈ ಕಡೆಯ ಜೆಬೆಲ್ ಅಲಿಯ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದೆ, ಕಂಪನಿಯ ಕ್ಯಾಂಪಿನಲ್ಲಿ ಮಲಗುತ್ತಿದ್ದೆ. ನನ್ನ ಓದು ಐದನೇ ಕ್ಲಾಸಿಗೆ ಮುಗಿದಿತ್ತು. ಅಪ್ಪ ತೀರಿಹೋದಾಗ ಮನೆಯಲ್ಲಿ ಹಂಚಿಕೊಳ್ಳಲು ಇದ್ದದ್ದು ಒಂದು ಕೋವಿ ಮತ್ತು ಒಬ್ಬನ ಶಾಲೆಯ ಖರ್ಚು. ಕೋವಿ ನನಗೆ ಬಂತು, ಶಾಲೆ ತಮ್ಮನಿಗೆ ಹೋಯಿತು. ಕೋವಿಯ ಲೈಸೆನ್ಸು ಚಿಕ್ಕಪ್ಪನ ಹೆಸರಿನಲ್ಲಿತ್ತು, ಕೋವಿ ನನ್ನ ಹೆಗಲ ಮೇಲಿತ್ತು.

ನಮ್ಮ ಊರು ಪುತ್ತೂರಿನಿಂದ ಬಹಳ ಒಳಗೆ. ಗದ್ದೆಗೂ ಮರಗೆಣಸಿನ ತೋಟಕ್ಕೂ ಕಾಡುಹಂದಿ ನುಗ್ಗುತ್ತಿತ್ತು, ನಾವು ಹೊಡೆಯುತ್ತಿದ್ದೆವು. ಹಂದಿ ಬಿದ್ದರೆ ಪಾಲು ಮಾಡುವುದಕ್ಕೆ ಒಂದು ಕ್ರಮ ಇತ್ತು. ಕಾಡು ಬಡಿದು ಹಂದಿ ಎಬ್ಬಿಸಿದವರಿಗೆಲ್ಲ ಸಮಪಾಲು. ನಾಯಿಗೂ ಒಂದು ಪಾಲು. ದಾರಿಯಲ್ಲಿ ಹೋಗುವಾಗ ನಿಂತು ನೋಡಿದವನಿಗೂ ಒಂದು ತುಂಡು. ತಲೆ ಮಾತ್ರ ಗುಂಡು ಹೊಡೆದವನಿಗೆ. ಅದನ್ನು ಅವನು ಕೇಳುವಂತಿಲ್ಲ, ಬೇಡ ಎನ್ನುವಂತೆಯೂ ಇಲ್ಲ. ಹಿರಿಯರೊಬ್ಬರು ಎತ್ತಿ ಹಿಡಿಯುತ್ತಾರೆ, ಹೊಡೆದವನು ಎರಡೂ ಕೈ ಚಾಚುತ್ತಾನೆ. ನಾನು ಎಷ್ಟೋ ಸಲ ಚಾಚಿದ್ದೇನೆ. ತಮ್ಮ ಬೇಟೆಗೆ ಬಂದದ್ದು ರಜೆಯಲ್ಲಿ ಒಂದೆರಡು ಸಲ. ಅವನನ್ನು ಮರ ಹತ್ತಿಸಿ ಕೂರಿಸುತ್ತಿದ್ದೆವು, ಅಮ್ಮನಿಗೆ ಹಾಗೆಂದು ಮಾತು ಕೊಟ್ಟಿದ್ದೆ.

ಅಬುಧಾಬಿಯಲ್ಲಿ ಅವನು ಒಂದು ಹಳೆಯ ಕಂಪ್ಯೂಟರ್ ತೆಗೆದುಕೊಂಡ. ಫೋನಿನ ತಂತಿಗೆ ಸಿಕ್ಕಿಸಿದರೆ ಅದು ಸ್ವಲ್ಪ ಹೊತ್ತು ಕಿರುಚಿ ಆಮೇಲೆ ಇಂಟರ್‌ನೆಟ್ ಕೊಡುತ್ತಿತ್ತು. ಅದರಲ್ಲಿ ಜಗತ್ತಿನ ಬೇಟೆಗಾರರೆಲ್ಲ ಬಂದು ತಮ್ಮ ತಮ್ಮ ಕತೆ ಬರೆಯುವ ಒಂದು ಸೈಟ್ ಅವನಿಗೆ ಸಿಕ್ಕಿತು. ನಾನು ಗುರುವಾರ ಸಂಜೆ ಶೇರ್ ಟ್ಯಾಕ್ಸಿ ಹಿಡಿದು ಅವನಲ್ಲಿಗೆ ಹೋಗುತ್ತಿದ್ದೆ. ಶುಕ್ರವಾರ ರಜೆ. ಗಂಜಿ ಬೇಯುವಾಗ ನಾನು ಹಂದಿಯ ಕತೆ ಹೇಳುತ್ತಿದ್ದೆ, ಅವನು ಅದನ್ನು ಇಂಗ್ಲಿಷಿನಲ್ಲಿ ಕುಟ್ಟುತ್ತಿದ್ದ. ಮೊದಲ ಸಲವೇ ಅವನು ಒಂದು ವಿಷಯ ಹೇಳಿದ್ದ, ಮುಚ್ಚಿಡಲಿಲ್ಲ.

“ಅಣ್ಣ, ನಾನು ಹೊಡೆದೆ ಅಂತ ಬರ್ದೆ. ನೀನು ಯಾರು, ಎಂತ ಅಂತೆಲ್ಲ ವಿವರಿಸ್ಲಿಕ್ಕೆ ಹೋದ್ರೆ ಉದ್ದ ಆಗ್ತದೆ.”

“ಆಗ್ಲಿ, ನನಗೆಂತ,” ಎಂದೆ. ಇದನ್ನು ಇಲ್ಲಿ ಬರೆಯಲೇಬೇಕು. ಅವನು ಕದ್ದದ್ದಲ್ಲ, ನಾನು ಕೊಟ್ಟದ್ದು.

ಆ ಕತೆಗಳಿಗೆ ಉತ್ತರ ಬರತೊಡಗಿತು. ಫಿನ್ಲೆಂಡಿನ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬ ಪ್ರತಿ ಕತೆಗೂ ಬರೆಯುತ್ತಿದ್ದ. ಅವನ ಊರಿನಲ್ಲಿ ಕುದುರೆಗಿಂತ ದೊಡ್ಡ ಕಡವೆಗಳಿದ್ದಾವಂತೆ, ಅಲ್ಲಿಯೂ ಊರವರು ಸೇರಿ ಹೊಡೆದು ಪಾಲು ಮಾಡುತ್ತಾರಂತೆ. ನಮ್ಮ ತಲೆಯ ಕ್ರಮ ಅವನಿಗೆ ಬಹಳ ಹಿಡಿಸಿತು ಎಂದು ತಮ್ಮ ಹೇಳಿದ. ಅವನ ಹೆಂಡತಿ ಸತ್ತಾಗ ಅವನು ಆ ಸುದ್ದಿಯನ್ನು ಮೊದಲು ತಿಳಿಸಿದವರಲ್ಲಿ ನನ್ನ ತಮ್ಮನೂ ಒಬ್ಬ. ಆಮೇಲೆ ದಿನವೂ ಇಬ್ಬರೂ ಬರೆದುಕೊಳ್ಳುತ್ತಿದ್ದರು. ಸೈಟಿನಲ್ಲಿ ಈ ದೇಶದಲ್ಲೇ ಇರುವವರೂ ಇಬ್ಬರು ಸಿಕ್ಕಿದರು. ಒಬ್ಬರು ಗಿಡುಗ ಸಾಕಿ ಬೇಟೆಯಾಡಿಸುವ ಅರಬ, ಅಲ್ ಐನ್ ದಾರಿಯಲ್ಲಿ ಅವರದೊಂದು ತೋಟ. ಇನ್ನೊಬ್ಬರು ರುವೈಸ್‌ನ ತೈಲ ಕಾರ್ಖಾನೆಯ ಇಂಗ್ಲಿಷ್ ಎಂಜಿನಿಯರ್. ಇಬ್ಬರೂ ತಮ್ಮನನ್ನು ದೊಡ್ಡ ಬೇಟೆಗಾರ ಎಂದೇ ತಿಳಿದಿದ್ದರು. ಆಫೀಸಿನಲ್ಲಿ ಯಾರೂ ಕೂರು ಎನ್ನದವನಿಗೆ ಅಲ್ಲಿ ಎಂಜಿನಿಯರೊಬ್ಬರು ಸಲಹೆ ಕೇಳುತ್ತಿದ್ದರು. ಯಾವ ಸಲಹೆ ಕೊಡಬೇಕೆಂದು ತಮ್ಮ ನನಗೆ ಫೋನ್ ಮಾಡುತ್ತಿದ್ದ.

ಒಂದು ಚಳಿಗಾಲದಲ್ಲಿ ಪೋಸ್ಟ್‌ಮ್ಯಾನ್ ಬರುತ್ತೇನೆಂದು ಬರೆದ. ಥಾಯ್ಲೆಂಡಿಗೆ ಹೋಗುವ ದಾರಿಯಲ್ಲಿ ದುಬೈಯಲ್ಲಿ ಇಳಿದು ಸ್ನೇಹಿತರನ್ನು ನೋಡಿಕೊಂಡು ಹೋಗುವುದೆಂದು. ಅರಬ ತಮ್ಮದೇ ತೋಟದಲ್ಲಿ ಊಟ ಇಟ್ಟುಕೊಂಡರು. ಪರದೆಯ ಮೇಲೆ ಇಷ್ಟು ಕಾಲ ಮಾತಾಡಿದ ನಾಲ್ವರು ಮೊದಲ ಸಲ ಮುಖ ನೋಡುವುದೆಂದು ಆಯಿತು. ತಮ್ಮ ಹೊಸ ಶರಟು ಹೊಲಿಸಿದ. ಒಬ್ಬನೇ ಹೋಗಲು ಅವನಿಗೆ ಧೈರ್ಯ ಇರಲಿಲ್ಲ. ಕೋವಿಯ ವಿಷಯ ಏನಾದರೂ ಕೇಳಿಬಿಟ್ಟರೆ ಎಂದು ನನ್ನನ್ನೂ ಹೊರಡಿಸಿದ.

“ಹಂದಿಯ ವಿಷಯ ಬಂದ್ರೆ ನೀನು ಸುಮ್ನೆ ಇರು. ನನ್ನ ಮುಖ ನೋಡು, ಸಾಕು.”

“ನನಗೆ ಇಂಗ್ಲಿಷೇ ಬರುದಿಲ್ಲ ಮಾರಾಯ. ಎಂತ ಮಾತಾಡುದು?”

“ಅದೇ ಒಂದು ಧೈರ್ಯ,” ಎಂದ.

ಶುಕ್ರವಾರ ಜುಮ್ಮಾ ನಮಾಜಿನ ಹೊತ್ತಿಗೆ ಎಂಜಿನಿಯರ್ ದುಬೈಯಿಂದ ಅತಿಥಿಯನ್ನು ಕರೆದುಕೊಂಡು, ಹಮ್ದಾನ್ ಸ್ಟ್ರೀಟಿಗೆ ಬಂದು ನಮ್ಮನ್ನೂ ಹತ್ತಿಸಿಕೊಂಡರು. ಪೋಸ್ಟ್‌ಮ್ಯಾನ್ ಎತ್ತರದ ಮುದುಕ, ಮೂಗು ಆಗಲೇ ಬಿಸಿಲಿಗೆ ಸುಲಿದಿತ್ತು. ತಮ್ಮನನ್ನು ನೋಡಿದವನೇ ಕಾರಿನಿಂದ ಇಳಿದು, ಟ್ಯಾಕ್ಸಿಗಳು ಹಾರ್ನ್ ಹೊಡೆಯುತ್ತಿದ್ದರೂ ರಸ್ತೆಯಲ್ಲೇ ಅವನ ಕೈ ಹಿಡಿದುಕೊಂಡು ನಿಂತ. ಬರೆದು ಬರೆದು ಅಭ್ಯಾಸವಾದವರಿಗೆ ಬಾಯಿ ತೆರೆಯಲು ನಾಚಿಕೆ ಇರಬೇಕು. ತಮ್ಮ ನನ್ನನ್ನು ಅಣ್ಣ ಎಂದು ಪರಿಚಯಿಸಿದ. ಮುದುಕ ನನಗೂ ಕೈ ಕೊಟ್ಟ. ದಾರಿಯುದ್ದಕ್ಕೂ ಅವರು ಮೂವರು ಮಾತಾಡಿದರು, ನಾನು ಮರಳು ನೋಡಿದೆ.

ತೋಟದಲ್ಲಿ ಅರಬ ಬಾಗಿಲಿಗೇ ಬಂದು ನಿಂತಿದ್ದರು. ಗಿಡುಗಗಳನ್ನು ತೋರಿಸಿದರು. ಅವುಗಳ ತಲೆಗೆ ಚರ್ಮದ ಟೊಪ್ಪಿ ಹಾಕಿದ್ದರು, ಅವಕ್ಕೆ ನಾವು ಬಂದದ್ದೂ ಗೊತ್ತಾಗಲಿಲ್ಲ. ಖರ್ಜೂರ, ಗಾವಾ ಎನ್ನುವ ಅರಬ್ಬಿ ಕಾಫಿ ಆಯಿತು. ತಮ್ಮ ಆ ದಿನ ಎಷ್ಟು ಚೆನ್ನಾಗಿ ಮಾತಾಡಿದನೆಂದರೆ, ಇವನು ನಮ್ಮ ಮನೆಯಲ್ಲಿ ಹುಟ್ಟಿದವನೇ ಎಂದು ನಾನು ಯೋಚಿಸಿದೆ. ಅವನು ಕೈ ಆಡಿಸಿ ಹೇಳುವಾಗ ಮೂವರೂ ಅವನ ಕೈಯನ್ನೇ ನೋಡುತ್ತಿದ್ದರು. ಒಂದು ಕಡೆ ಅವನು ಕೋವಿ ಎತ್ತುವ ಹಾಗೆ ಮಾಡಿ ತೋರಿಸಿದ. ಎಡಗೈ ತಪ್ಪಾಗಿತ್ತು. ನನಗೆ ಸರಿಮಾಡಬೇಕೆನಿಸಿತು. ಆಮೇಲೆ ಊಟ ಬರುವವರೆಗೂ ಆ ಎಡಗೈ ನನ್ನನ್ನು ಕೊರೆಯುತ್ತಲೇ ಇತ್ತು.

ಊಟ ನೆಲದ ಮೇಲೆ. ಒಂದೇ ದೊಡ್ಡ ತಟ್ಟೆಯಲ್ಲಿ ಅನ್ನ, ಅದರ ಮೇಲೆ ಇಡೀ ಕುರಿ, ಎಲ್ಲದಕ್ಕಿಂತ ಮೇಲೆ ಕುರಿಯ ತಲೆ. ದೊಡ್ಡ ಅತಿಥಿಯ ಎದುರಿಗೆ ತಲೆ ಬರುವಂತೆ ತಟ್ಟೆ ಇಡುವುದು ಅವರ ಮರ್ಯಾದೆ. ಅರಬ ತಟ್ಟೆ ತಿರುಗಿಸಿ ಪೋಸ್ಟ್‌ಮ್ಯಾನ್‌ನ ಎದುರಿಗೆ ಮಾಡಿದರು. ಮುದುಕ ಅದನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಏನೋ ಹೇಳಿ ತಲೆಯನ್ನು ಎರಡೂ ಕೈಯಲ್ಲಿ ಎತ್ತಿದ. ಏನು ಹೇಳಿದನೆಂದು ಆಮೇಲೆ ಗೊತ್ತಾಯಿತು. ‘ನನ್ನ ಸ್ನೇಹಿತನ ಊರಿನಲ್ಲಿ ತಲೆ, ಗುಂಡು ಹೊಡೆದವನಿಗೆ ಸಲ್ಲುತ್ತದೆ, ನಮ್ಮಲ್ಲಿ ಅಂಥವನು ಇವನು’ ಎಂದು. ಹೇಳಿ ತಮ್ಮನ ಕಡೆಗೆ ಹಿಡಿದ.

ನಾನು ತಮ್ಮನ ಪಕ್ಕದಲ್ಲಿ ಕೂತಿದ್ದೆ. ಬಿಳಿ ಕೂದಲಿನವನೊಬ್ಬ ತಲೆ ಎತ್ತಿ ಹಿಡಿದಿದ್ದಾನೆ. ನನ್ನ ಎರಡೂ ಕೈ ಮುಂದೆ ಹೋದವು. ನಾನು ಕಳಿಸಿದ್ದಲ್ಲ. ತಲೆ ನನ್ನ ಕೈಗೆ ಬಂತು, ಬಿಸಿ ಇತ್ತು.

ಎಂಜಿನಿಯರ್ ನಕ್ಕರು. ತಮ್ಮನೂ ನಕ್ಕ. ಅಣ್ಣನಿಗೆ ಹಸಿವು ಎಂದು ಇಂಗ್ಲಿಷಿನಲ್ಲಿ ಏನೋ ಹೇಳಿದ. ಅಲ್ಲಿಗೆ ಮುಗಿಯಬೇಕಿತ್ತು. ನಾನು ತಲೆಯನ್ನು ಅವನ ಎದುರಿಗೆ ಇಟ್ಟು ಅನ್ನಕ್ಕೆ ಕೈ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಅರಬರಿಗೆ ಹಿಂದಿ ಬರುತ್ತಿತ್ತು. ಇಷ್ಟು ಹೊತ್ತು ಸುಮ್ಮನೆ ಕೂತ ಅತಿಥಿಯನ್ನು ಮಾತಾಡಿಸಬೇಕೆಂದು ಅವರು ಒಳ್ಳೆಯ ಮನಸ್ಸಿನಿಂದಲೇ ಹಿಂದಿಯಲ್ಲಿ ಕೇಳಿದರು, ತಲೆ ನೀನು ತಗೊಂಡೆಯಲ್ಲ, ಹಂದಿ ಹೊಡೆದವನು ನೀನಾ ಎಂದು.

ತಮ್ಮ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಬೇಕೆಂದು ಮಾತಾಗಿತ್ತು. ನಾನು ತಲೆಯನ್ನು ನೋಡಿದೆ.

“ಹಾಂ. ಮೈನೇ ಮಾರಾ,” ಎಂದೆ. ಹೌದು, ನಾನೇ ಹೊಡೆದದ್ದು.

ಅರಬ ಅದನ್ನು ಇಂಗ್ಲಿಷಿಗೆ ಮಾಡಿ ಉಳಿದವರಿಗೆ ಹೇಳಿದರು. ಅವರಿಗೆ ಇನ್ನೂ ತಮಾಷೆಯಾಗಿಯೇ ಇತ್ತು. ಹಾಗಾದರೆ ಇವನು ಎಲ್ಲಿದ್ದ ಎಂದು ತಮ್ಮನನ್ನು ತೋರಿಸಿ ಮತ್ತೆ ನನ್ನನ್ನೇ ಕೇಳಿದರು. ಮೊದಲನೆಯದು ಕೈಯ ಅಭ್ಯಾಸ, ಎರಡನೆಯದು ಬಾಯಿಯ ಅವಸರ ಎಂದು ಸಮಾಧಾನ ಮಾಡಿಕೊಳ್ಳಬಹುದು. ಮೂರನೆಯದಕ್ಕೆ ನನ್ನಲ್ಲಿ ಅಂಥ ಮಾತಿಲ್ಲ. ನನಗೆ ಹೇಳಬೇಕೆನಿಸಿತು, ಹೇಳಿದೆ.

“ಪೇಡ್ ಪೇ.” ಮರದ ಮೇಲೆ.

ಅದಕ್ಕೆ ಅರ್ಥ ಹೇಳುವ ಮೊದಲೇ ಅರಬರ ನಗು ಅರ್ಧಕ್ಕೆ ನಿಂತಿತು. ಅವರು ತಮ್ಮನ ಮುಖ ನೋಡಿದ್ದರು. ಆದರೂ ಎಂಜಿನಿಯರ್ ಕೇಳಿದ ಮೇಲೆ ಹೇಳಲೇಬೇಕಾಯಿತು, ಮೆಲ್ಲಗೆ ಹೇಳಿದರು. ತಮ್ಮ ಹೌದೆಂದು ತಲೆಯಾಡಿಸಿ, ಎಲ್ಲರಿಗೂ ನೀರು ಬಗ್ಗಿಸಿ ಕೊಟ್ಟ. ಮುದುಕ ಕುರಿಯ ಒಳ್ಳೆಯ ತುಂಡೊಂದನ್ನು ಕಿತ್ತು ತಮ್ಮನ ಮುಂದಿನ ಅನ್ನದ ಮೇಲೆ ಇಟ್ಟ. ಊಟ ಚೆನ್ನಾಗಿತ್ತು. ತಲೆಯನ್ನು ನಾನೇ ತಿಂದೆ, ಬಿಡುವಂತಿರಲಿಲ್ಲ.

ಮರುದಿನ ಮುದುಕ ಥಾಯ್ಲೆಂಡಿಗೆ ಹಾರಿದ. ತಮ್ಮ ಏರ್‌ಪೋರ್ಟಿಗೆ ಹೋಗುವುದೆಂದು ಮೊದಲೇ ಆಫೀಸಿನಲ್ಲಿ ರಜೆ ಕೇಳಿಟ್ಟಿದ್ದ. ರಜೆ ಹಾಕಿದ, ಹೋಗಲಿಲ್ಲ. ನನಗೆ ಬೈಯಲೂ ಇಲ್ಲ. ಮುಂದಿನ ಗುರುವಾರ ಹೋದಾಗ ಎಂದಿನಂತೆ ಗಂಜಿ ಇಟ್ಟಿದ್ದ. ಕಂಪ್ಯೂಟರನ್ನು ಕೋಣೆಯವರು ಕ್ರಿಕೆಟ್ ಸ್ಕೋರ್ ನೋಡಲು ಇಟ್ಟುಕೊಂಡಿದ್ದರು. ಆ ಸೈಟನ್ನು ಅವನು ತೆರೆಯುತ್ತಿಲ್ಲ ಎಂದು ಅವರೇ ನನಗೆ ಹೇಳಿದರು.

ಅವರಲ್ಲಿ ಉಡುಪಿ ಕಡೆಯ ಒಬ್ಬ ಹುಡುಗನಿದ್ದ, ಆಸ್ಪತ್ರೆಯಲ್ಲಿ ಕೆಲಸ. ತಮ್ಮ ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಅವನು ಮೊದಲು ಬರೆದ ಹಂದಿಯ ಕತೆಯನ್ನು ತೆಗೆದು ಓದಿ ಹೇಳು ಎಂದು ಅವನನ್ನು ಕೇಳಿದೆ. ನನ್ನ ಬೇಟೆಯನ್ನು ತಮ್ಮ ಹೇಗೆ ಬರೆದಿದ್ದಾನೆಂದು ಅಷ್ಟು ವರ್ಷ ನಾನು ಕೇಳಿರಲೇ ಇಲ್ಲ. ಹುಡುಗ ಪರದೆ ನೋಡುತ್ತ ಕನ್ನಡದಲ್ಲಿ ಹೇಳುತ್ತಾ ಹೋದ. ನಾನು ಹೇಳಿದ್ದು ಅದರಲ್ಲಿ ಸ್ವಲ್ಪವೇ ಇತ್ತು. ಹಂದಿ ಬಂತು, ಹೊಡೆದೆ, ಬಿತ್ತು, ನಾನು ಹೇಳಿದ್ದು ಅಷ್ಟೇ. ಉಳಿದದ್ದೆಲ್ಲ ಮರದ ಮೇಲಿನಿಂದ ಕಂಡದ್ದು. ಹಂದಿ ಪೊದೆಯಿಂದ ಹೊರಗೆ ಬಂದು ಕಿವಿ ನೆಟ್ಟಗೆ ಮಾಡಿ ನಿಂತದ್ದು, ಅದರ ಬೆನ್ನಿಗೆ ಒದ್ದೆ ಎಲೆ ಅಂಟಿಕೊಂಡದ್ದು, ಆ ಕಡೆ ನಾಯಿ ಬೊಗಳುವುದನ್ನು ಮರೆತದ್ದು. ಕೋವಿಯ ತುದಿ ಬಿಟ್ಟು ನಾನು ಬೇರೆ ಏನನ್ನೂ ನೋಡಿರಲಿಲ್ಲ. ಆಮೇಲೆ ಹುಡುಗ ಒಂದು ಸಾಲು ಓದಿದ. ‘ಓಡಿಹೋಗೋಣ ಅಂತ ಒಂದು ಹೆಜ್ಜೆ ಹಿಂದೆ ಇಟ್ಟೆ, ಮತ್ತೆ ನಿಂತೆ.’

ಆ ಹೆಜ್ಜೆ ಇಟ್ಟವನು ನಾನು. ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ ಹೇಳಿರಲಿಲ್ಲ. ಯಾರೂ ಕಂಡಿಲ್ಲವೆಂದೇ ತಿಳಿದಿದ್ದೆ. ಅವನು ಮೇಲಿನಿಂದ ಕಂಡಿದ್ದ, ಕಂಡದ್ದನ್ನು ತನ್ನ ಕಾಲು ಎಂದು ಬರೆದಿದ್ದ.

“ಇಲ್ಲಿ ಕೆಳಗೆ ಫಿನ್ಲೆಂಡಿನವರು ಬರ್ದಿದ್ದಾರೆ,” ಎಂದ ಹುಡುಗ, “ಹೆದರಿದ್ದನ್ನು ಹೇಳುವ ಬೇಟೆಗಾರನನ್ನು ಮೊದಲ ಸಲ ನೋಡಿದ್ದು ಅಂತ.”

ನಾನು ಗಂಜಿಯ ಪಾತ್ರೆ ಕೆಳಗಿಳಿಸಿದೆ.

ಕೆಲವು ವಾರದ ನಂತರ ಮುದುಕನಿಂದ ಪತ್ರ ಬಂತು, ತಮ್ಮನಿಗೇ. ಅಣ್ಣನಿಗೂ ನಮಸ್ಕಾರ, ಅಣ್ಣನ ಕತೆಗಳನ್ನೂ ಬರೆ ಎಂದಿತ್ತು. ನಿನಗೆ ಡಿಮ್ಯಾಂಡ್ ಉಂಟು ಎಂದು ತಮ್ಮ ಫೋನಿನಲ್ಲಿ ಹೇಳಿದ. ಶುಕ್ರವಾರ ಕೂತು ಬರೆದ. ನಾನು ಹೇಳಿದ್ದನ್ನು ಹೇಳಿದಷ್ಟೇ, ಪ್ರತಿ ಸಾಲಿಗೂ ‘ಅಣ್ಣ ಹೇಳುತ್ತಾನೆ’ ಎಂದು ಸೇರಿಸಿ. ಅವನಾಗಿ ಒಂದು ಎಲೆಯನ್ನೂ ಹಾಕಲಿಲ್ಲ. ಎಂಜಿನಿಯರ್ ಉತ್ತರ ಬರೆಯಲಿಲ್ಲ. ಮುದುಕ ಮಾತ್ರ ಧನ್ಯವಾದ ಎಂದು ಬರೆದ.

ಮುಂದಿನ ಸಲ ನಾನು ಒಂದು ಮುಳ್ಳುಹಂದಿಯ ಕತೆ ತೆಗೆದೆ. ದಾರಿಯಲ್ಲಿ ಟ್ಯಾಕ್ಸಿಯಲ್ಲೇ ಕಟ್ಟಿಕೊಂಡು ಬಂದಿದ್ದೆ. ನನ್ನ ಕೋವಿಯ ಗುಂಡು ಹಾರದೇ ಹೋದದ್ದು, ತಮ್ಮ ಮರದಿಂದ ಹಾರಿ ಕೋವಿ ಕಿತ್ತುಕೊಂಡದ್ದು, ಅವನೇ ಹೊಡೆದದ್ದು. ಅವನು ಅರ್ಧದವರೆಗೆ ಕುಟ್ಟಿದ. ಆಮೇಲೆ ಬೆರಳು ನಿಂತಿತು.

“ಅಣ್ಣ, ಇದು ಆಗ್ಲಿಲ್ಲ.”

“ಬರಿ ನೀನು. ಯಾರಿಗೆ ಗೊತ್ತಾಗ್ತದೆ?”

“ನಿನ್ನ ಹೆಸರಲ್ಲಿ ಸುಳ್ಳು ಬರೀಲಿಕ್ಕೆ ನನ್ನಿಂದ ಆಗುದಿಲ್ಲ.” ಕುರ್ಚಿ ಹಿಂದಕ್ಕೆ ತಳ್ಳಿದ. “ನನ್ನ ಹೆಸರಲ್ಲಾದ್ರೆ ಆಗ್ತಿತ್ತು. ಅದೀಗ ನಡಿಯುದಿಲ್ಲ.”

ಬರೆದಷ್ಟನ್ನು ಅಳಿಸಿದ. ಫೋನಿನ ತಂತಿ ಕಿತ್ತು ಸುತ್ತಿಟ್ಟ. ಚಪ್ಪಲಿ ಮೆಟ್ಟುತ್ತ, ಕೆಳಗಿನ ಕೆಫೆಟೇರಿಯಾದಲ್ಲಿ ಚಾ ಕುಡಿಯುವುದಾ ಎಂದು ಕೇಳಿದ. ಕುಡಿಯುವ ಎಂದೆ. ಚಾ ಬರುವವರೆಗೆ ಅವನು ವೀಸಾ ಸ್ಟ್ಯಾಂಪಿಂಗ್‌ನ ವಿಷಯ ಮಾತಾಡಿದ, ನಾನು ಅವನ ಮುಖ ನೋಡುತ್ತಾ ಕೂತೆ.