ಪ್ರಬಂಧ ತೂಗುವ ತಕ್ಕಡಿ

ನಾನು ಗಣಿತದ ಮೇಷ್ಟ್ರು. ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಚಿತ್ರದುರ್ಗದ ಕಾಲೇಜಿಗೆ ಹೋಗಿಬರುತ್ತೇನೆ. ವರ್ಷಗಟ್ಟಲೆ ತಿಣುಕಿ ಬರೆದ ನನ್ನದೊಂದು ಸಂಶೋಧನಾ ಪ್ರಬಂಧವನ್ನು ಉಲ್ಲೇಖಿಸಿದವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ನಾನೂ ಒಬ್ಬ. ಅದು ಅಚ್ಚಾದ ದಿನ ಮನೆಗೆ ಪೇಡ ತಂದಿದ್ದೆ. ಹೆಂಡತಿ ಒಂದನ್ನು ಬಾಯಿಗೆ ಹಾಕಿಕೊಂಡು, "ಚೆನ್ನಾಗೈತೆ" ಎಂದಳು. ಪೇಡವೋ ಪ್ರಬಂಧವೋ ಎಂದು ನಾನು ಕೇಳಲಿಲ್ಲ. ಹೊಗಳಿಕೆ ಸಿಕ್ಕಾಗ ಹೆಚ್ಚು ಕೆದಕಬಾರದು.

ನಮ್ಮ ಲೋಕದಲ್ಲಿ ಪ್ರಬಂಧಕ್ಕೆ ಬೆಲೆ ಕಟ್ಟುವಾಗ ಎಷ್ಟು ಜನ ಉಲ್ಲೇಖಿಸಿದರು ಎಂದು ನೋಡುತ್ತಾರೆ. ಅದು ಬಂದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರನ್ನೂ ನೋಡುತ್ತಾರೆ. ಅಂದರೆ ಆ ಪತ್ರಿಕೆಯ ಲೇಖನಗಳಿಗೆ ಸರಾಸರಿ ಸಿಗುವ ಉಲ್ಲೇಖಗಳ ಅಂಕಿ. ಅದರಿಂದ ಒಬ್ಬೊಬ್ಬರ ಯೋಗ್ಯತೆ ಹೇಳುವುದೆಂದರೆ, ಕ್ಲಾಸಿನ ಸರಾಸರಿ ಎತ್ತರ ನೋಡಿ ಎಲ್ಲರಿಗೂ ಒಂದೇ ಅಳತೆಯ ಪ್ಯಾಂಟು ಹೊಲಿಸಿದಂತೆ. ಆದರೂ ನಡೆದುಬಂದಿದೆ. ಓದುವುದಕ್ಕಿಂತ ಎಣಿಸುವುದು ಸುಲಭ, ನೋಡಿ.

ಎರಡು-ಮೂರು ವರ್ಷಗಳ ಹಿಂದೆ ನಮ್ಮ ಕಾಲೇಜು, ಸಂಶೋಧನೆಗೆಂದು ಒಬ್ಬ ಅಧ್ಯಾಪಕರಿಗೆ ಒಂದು ವರ್ಷ ರಜೆ ಕೊಡಲು ಮುಂದಾಯಿತು. ಅರ್ಜಿ ಹಾಕಿದವರು ನಾನು ಮತ್ತು ಜೀವರಸಾಯನದ ನಾಗವೇಣಿ ಮೇಡಂ. ನನಗೆ ಆ ರಜೆ ಬೇಕೇಬೇಕಿತ್ತು. ಒಂದು ಪ್ರಮೇಯ ಅರ್ಧಕ್ಕೆ ನಿಂತು ಕಾಡುತ್ತಿತ್ತು, ನಿವೃತ್ತಿಯೂ ಹತ್ತಿರವಾಗುತ್ತಿತ್ತು.

ಸಮಿತಿಯವರು ಇಬ್ಬರನ್ನೂ ಒಟ್ಟಿಗೇ ಕೂರಿಸಿದರು. ಅಧ್ಯಕ್ಷರು ಅಂಕಿಗಳನ್ನು ಗಟ್ಟಿಯಾಗಿ ಓದಿದರು. ಮೇಡಂ ಅವರದು ನೂರಾರು. ನನ್ನದಕ್ಕೆ ಬಂದಾಗ, ಪಾಪ, ಅವರ ದನಿಯೇ ಸಣ್ಣದಾಯಿತು. "ಇನ್ನೇನೈತ್ರಿ, ತೀರ್ಮಾನ ಆದಂಗೇ ಅಲ್ವಾ?" ಎಂದು ಫೈಲು ಮುಚ್ಚಿದರು. ನಾನು ಅಭಿನಂದನೆ ಹೇಳಲು ಮೇಡಂ ಕಡೆ ತಿರುಗಿದೆ.

ಆಕೆ ನನ್ನನ್ನು ನೋಡಲೇ ಇಲ್ಲ. "ಒಂದ್ ನಿಮಿಷ ಸಾರ್. ನಾವು ಹಿರಿಯೂರು ಕಡೆಯೋರು, ಈರುಳ್ಳಿ ಹಾಕ್ತೀವಿ, ಕೆಲವೇ ತಿಂಗಳಿಗೆ ಕೀಳ್ತೀವಿ. ಇವ್ರ ಹೊಳಲ್ಕೆರೇಲಿ ಅಡಿಕೆ ಸಸಿ ನೆಟ್ಟ ವರ್ಷಾನೇ ಗೊನೆ ಎಲ್ಲೈತೆ ಅಂದ್ರೆ ಹೆಂಗ್ರಿ? ನಮ್ ವಿಷಯದಾಗೆ ಬರೆಯೋರೂ ಜಾಸ್ತಿ, ಒಬ್ರು ಇನ್ನೊಬ್ರನ್ನ ಉಲ್ಲೇಖ ಮಾಡೋದೂ ಜಾಸ್ತಿ. ನನ್ ಪೇಪರ್‌ನ ನಮ್ಮೋರ ಪೇಪರ್ ಜತೆ ಅಳೀರಿ. ಇವ್ರದನ್ನ ಅದೇ ವರ್ಷ ಬಂದ ಗಣಿತದ ಪೇಪರ್‌ಗಳ ಜತೆ ಅಳೀರಿ. ಆಮೇಲೆ ಹೇಳ್ರಿ."

"ಹಂಗೆ ಅಳೆದು ನಿಮ್ಗೇ ರಜೆ ತಪ್ಪಿಹೋದ್ರೆ ಮೇಡಂ?" ಎಂದರು ಅಧ್ಯಕ್ಷರು.

"ಹೋದ್ರೆ ಹೋಗ್ಲಿ ಸಾರ್. ಹಿಂಗೆ ಗೆದ್ದು ಆ ಒಂದು ವರ್ಷ ನಾನು ಲ್ಯಾಬಲ್ಲಿ ನೆಮ್ಮದಿಯಾಗಿ ಹೆಂಗ್ ಕುಂತ್ಕಳ್ಲಿ?"

ಹಾಗೇ ಅಳೆದರು. ವಿಷಯ ಬಲ್ಲವರಿಗೆ ಕೊಟ್ಟು ಓದಿಸಿಯೂ ನೋಡಿದರು. ಗಣಿತದವರ ನಡುವೆ ನನ್ನ ಪ್ರಬಂಧ ಮುಂದಿನ ಸಾಲಿನಲ್ಲೇ ಇತ್ತು. ಆಕೆಯದು ಆಕೆಯ ವಿಷಯದವರಲ್ಲಿ ಮಧ್ಯದ ಸಾಲಿನಲ್ಲಿತ್ತು. ರಜೆ ನನಗೆ ಸಿಕ್ಕಿತು. ಮೇಡಂ ನಕ್ಕು ಕೈ ಕುಲುಕಿದರು, ಆದರೆ ಒಂದಷ್ಟು ದಿನ ಸ್ಟಾಫ್ ರೂಮಿನಲ್ಲಿ ಮಂಕಾಗಿದ್ದುದನ್ನು ನಾನು ನೋಡಿದ್ದೇನೆ. ಆಕೆಗೆ ಬೇಸರವೇ ಆಗದಿದ್ದರೆ ನನ್ನ ಕೃತಜ್ಞತೆ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲವೇನೋ.

ಆ ವರ್ಷ ಪ್ರಮೇಯ ಪೂರ್ತಿಯಾಯಿತು. ಹೊಸ ಪ್ರಬಂಧದ ಕೊನೆಯಲ್ಲಿ ಆಕೆಗೆ ಕೃತಜ್ಞತೆ ಹೇಳಿದ್ದೆ. ಪತ್ರಿಕೆಯ ಸಂಪಾದಕರಿಗೆ ಅನುಮಾನ ಬಂತು: ಜೀವರಸಾಯನದವರು ಈ ಗಣಿತದಲ್ಲಿ ಮಾಡಿದ್ದೇನು?

ನಾನು ಬರೆದೆ: "ಒಂದು ಲೆಕ್ಕ ತಪ್ಪಾಗಿತ್ತು. ತಿದ್ದಿಕೊಟ್ಟರು."